ಸೊಸೆಯ ಕೈಯಲ್ಲಿ ಯಾರದೋ ಬಡಿತ

ಫಕ್ಕೀರವ್ವನ ಕಣ್ಣಿಗೆ ಪೊರೆ ಬಂದಿತ್ತೇ ಹೊರತು ಕಿವಿಗೆ ಬಂದಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಸಾಕು, ಒಳಗೆ ಹಾಲು ಉಕ್ಕುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಸೊಸೆ ರೊಟ್ಟಿ ಬಡಿಯುವಾಗ ಹಿಟ್ಟಿಗೆ ಎಸರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಸಪ್ಪಳ ಕೇಳಿಯೇ ಹೇಳುತ್ತಿದ್ದಳು. ಗೊತ್ತಾದದ್ದನ್ನು ಹೇಳದೆ ಸುಮ್ಮನಿರುವುದು ಮಾತ್ರ ಅವಳಿಗೆ ಜನ್ಮದಲ್ಲಿ ಗೊತ್ತಿರಲಿಲ್ಲ.

ಆವತ್ತು ಬೆಳಿಗ್ಗೆ ಅವಳು ಚಹದ ಬಟ್ಟಲನ್ನು ಬಾಯಿಗೆ ಒಯ್ಯದೆ ಅರ್ಧಕ್ಕೇ ಹಿಡಿದುಕೊಂಡು ಕೂತುಬಿಟ್ಟಳು. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಆ ಬಡಿತ ಈ ಮನೆಯದಾಗಿರಲಿಲ್ಲ.

“ಮಹಾನಂದಾ, ಯಾರದಾರವಾ ಒಳಗ?”

“ನಾನರಿ ಅತ್ತಿ,” ಎಂದಳು ಸೊಸೆ ಅಡಿಗೆಮನೆಯಿಂದ.

“ನಿನ್ನ ಸಂಗಾಟ ಯಾರದಾರ?”

“ಯಾರೂ ಇಲ್ರಿ. ನಾನೊಬ್ಬಾಕಿನ.”

ಬಡಿತ ಮತ್ತೆ ಶುರುವಾಯಿತು. ಫಕ್ಕೀರವ್ವ ಬಟ್ಟಲನ್ನು ಕೆಳಗಿಟ್ಟಳು.

ಈ ಮನೆಯ ಬಡಿತವೆಂದರೆ ಹೀಗೆ: ಮೂರು ಸಣ್ಣವು, ಆಮೇಲೆ ಅಂಗೈ ಪೂರ್ತಿ ಊರಿ ಒಂದು ದೊಡ್ಡದು, ಆ ದೊಡ್ಡದರ ಜೊತೆಗೇ ರೊಟ್ಟಿ ಕಲ್ಲಿನ ಮೇಲೆ ಬಲಕ್ಕೆ ಒಂದಿಷ್ಟು ತಿರುಗಬೇಕು. ಇದನ್ನು ಫಕ್ಕೀರವ್ವನಿಗೆ ಅವಳ ಅತ್ತೆ ಕಲಿಸಿದ್ದು, ಆ ಅತ್ತೆಗೆ ಅವಳ ಅತ್ತೆ. ಸಪ್ಪಳ ಕೇಳಿಯೇ ಯಾರ ಮನೆಯಲ್ಲಿ ಒಲೆ ಹೊತ್ತಿತೆಂದು ಓಣಿಯ ಜನ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಮನೆಮನೆಗೂ ರೊಟ್ಟಿಯ ಯಂತ್ರ ಬಂದಿತ್ತು. ಒಂದು ಕಡೆ ಹಿಟ್ಟು ಸುರಿದರೆ ಇನ್ನೊಂದು ಕಡೆ ಎಲ್ಲ ಒಂದೇ ಅಳತೆಯ ರೊಟ್ಟಿ ಬೀಳುತ್ತಿತ್ತು, ಗದಗಿನ ಆ ಓಣಿ ಮೂಕವಾಗಿತ್ತು. ಫಕ್ಕೀರವ್ವ ಮಾತ್ರ ಆ ಯಂತ್ರಕ್ಕೆ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಸಿಂದಗಿ ಕಡೆಯ ಹಳ್ಳಿಯಿಂದ ಮಹಾನಂದಾ ಸೊಸೆಯಾಗಿ ಬಂದಾಗ ಅವಳ ಕೈ ಎಷ್ಟು ಒಡ್ಡೊಡ್ಡಾಗಿತ್ತು, ಅದನ್ನು ತಿದ್ದಿ ತೀಡಿ ಈ ಮನೆಯ ದಾರಿಗೆ ತರಲು ತಾನೆಷ್ಟು ಒದ್ದಾಡಿದೆ ಎಂಬುದನ್ನು ಬಂದವರಿಗೆಲ್ಲ ಹೇಳುವುದೆಂದರೆ ಅವಳಿಗೆ ಹಬ್ಬ. ಸೊಸೆ ಅದನ್ನು ಒಳಗೆ ಕೇಳಿಸಿಕೊಂಡು ನಗುತ್ತಾಳೆಂದೇ ಅವಳು ನಂಬಿದ್ದಳು.

ಈಗ ಬರುತ್ತಿದ್ದ ಸಪ್ಪಳವೇ ಬೇರೆ. ಎರಡು ಬಡಿತ, ಏನೋ ನೆನಪಾದವರಂತೆ ಒಂದು ತಡೆ, ಆಮೇಲೆ ಬೆರಳ ತುದಿಗಳು ಹಿಟ್ಟಿನ ಅಂಚಿನ ಮೇಲೆ ಸರಸರ ಓಡಿದ ಹಾಗೆ. ಫಕ್ಕೀರವ್ವ ಎದ್ದು ಹೋಗಿ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ರೊಟ್ಟಿ ಎಡಕ್ಕೆ ತಿರುಗುತ್ತಿತ್ತು.

ಒಲೆಯ ಮುಂದೆ ಕೂತವಳ ಮುಖ ಸೊಸೆಯದೇ. ಆಸ್ಪತ್ರೆಯಲ್ಲಿ ಸೊರಗಿ ಇನ್ನೂ ತುಂಬಿಕೊಳ್ಳದ ಗಲ್ಲ, ಮೊಣಕೈಯ ಹತ್ತಿರದ ಹಳೆಯ ಸುಟ್ಟ ಕಲೆ, ಹಸಿರು ಬಳೆ, ಎಲ್ಲವೂ ಸೊಸೆಯವೇ. ಕೈ ಯಾರದು ಎಂದು ಫಕ್ಕೀರವ್ವ ಇನ್ನಷ್ಟು ಬಾಗಿ ನೋಡಿದಳು. ಆಗ ಅವಳಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಂಡ ಯಂತ್ರ ನೆನಪಾಯಿತು.

*

ದೀಪಾವಳಿ ಎದುರಿಗಿದ್ದಾಗ ಮಹಾನಂದಾಳಿಗೆ ಹತ್ತಿದ ಜ್ವರ ಎದೆಗಿಳಿದು ನ್ಯುಮೋನಿಯಾ ಆಗಿತ್ತು. ಮಗ ಶಿವಪುತ್ರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಥ ಗಾಡಿ ಕೆಟ್ಟು ನಿಂತರೂ ಹೆದರದ ಆಳು, ಹೆಂಡತಿಯ ಉಸಿರು ಕೆಟ್ಟಾಗ ದಿಕ್ಕು ತೋಚದೆ ಹುಬ್ಬಳ್ಳಿಗೆ ಒಯ್ದ. ಅಲ್ಲಿ ಗಂಟಲಿಗೆ ನಳಿಗೆ ಇಳಿಸಿ, ಉಸಿರಾಟವನ್ನು ವೆಂಟಿಲೇಟರಿಗೆ ಒಪ್ಪಿಸಿ, ಔಷಧ ಕೊಟ್ಟು ಎಚ್ಚರ ತಪ್ಪಿಸಿ ಮಲಗಿಸಿದರು. ಹಾಗೆ ಅವಳು ಮಲಗಿದ್ದು ವಾರಗಟ್ಟಲೆ.

ಐಸಿಯು ಅಂದರೆ ಫಕ್ಕೀರವ್ವನಿಗೆ ಹೊಸದಲ್ಲ. ಅವಳ ಗಂಡ ನಿಂಗಪ್ಪ ಹಿಂದೊಮ್ಮೆ ಅಂಥದೇ ಮಂಚದ ಮೇಲೆ ಮಲಗಿ ಬದುಕಿ ಬಂದಿದ್ದ. ಬದುಕಿ ಬಂದಿದ್ದ, ಅಷ್ಟೇ. ಪ್ರಾಯದಲ್ಲಿ ಕುಸ್ತಿ ಹಿಡಿದಿದ್ದ ಮನುಷ್ಯ ಒಂದು ತಂಬಿಗೆ ನೀರು ಎತ್ತಲಾರದವನಾದ. ರೋಗ ವಾಸಿಯಾಗಿತ್ತು, ಅಲ್ಲಾಡದೆ ಮಲಗಿದ ಮೈ ತನ್ನ ಮಾಂಸವನ್ನು ತಾನೇ ತಿಂದು ಮುಗಿಸಿತ್ತು. ಹಾಸಿಗೆಯಿಂದ ಬಾಗಿಲವರೆಗೆ ನಡೆಯಬೇಕೆಂಬ ಒಂದೇ ಆಸೆಯಲ್ಲಿ ಕೊರಗಿ ಕೊರಗಿ ತೀರಿಕೊಂಡ. ಆದ್ದರಿಂದ ನಫೀಸಾ ಮುಲ್ಲಾ ಎಂಬ ಫಿಸಿಯೋಥೆರಪಿಸ್ಟ್ ಬಂದು, ನಿಮ್ಮ ಸೊಸೆಯ ಕೈಕಾಲಿಗೆ ಮಾರ್ದನಿ ಹಚ್ಚಲೇ ಎಂದು ಕೇಳಿದಾಗ, ಮಗ ಬಾಯಿ ತೆರೆಯುವ ಮೊದಲೇ ಹೂಂ ಅಂದವಳು ಫಕ್ಕೀರವ್ವ.

ಮಾರ್ದನಿ ಎಂಬುದು ಯಂತ್ರದ ಹೆಸರು. ಮೊದಲಿನ ಯಂತ್ರಗಳು ಸ್ನಾಯುವಿಗೆ ಕರೆಂಟು ಕೊಟ್ಟು ಸುಮ್ಮನೆ ಅದುರಿಸುತ್ತಿದ್ದವು. ಇದು ಮೊದಲು ಆಲಿಸುತ್ತಿತ್ತು. ಎಚ್ಚರ ತಪ್ಪಿದವರ ಸ್ನಾಯುವಿಗೂ ಮಿದುಳಿನಿಂದ ಆಗಾಗ ಒಂದು ಕ್ಷೀಣವಾದ ಅಪ್ಪಣೆ ಬಂದು ತಲುಪುತ್ತದೆಯಂತೆ. ಬೆರಳು ಎತ್ತುವಷ್ಟು ಬಲವೂ ಅದಕ್ಕಿರುವುದಿಲ್ಲ. ಚರ್ಮಕ್ಕೆ ಅಂಟಿಸಿದ ಪಟ್ಟಿಗಳ ಮೂಲಕ ಮಾರ್ದನಿ ಅದನ್ನು ಕೇಳಿಸಿಕೊಂಡು, ಅದೇ ಸ್ನಾಯುಗಳಿಗೆ ಅದೇ ಸರದಿಯಲ್ಲಿ ಕರೆಂಟು ಹಾಯಿಸಿ, ಮೈ ಶುರುಮಾಡಿದ ಚಲನೆಯನ್ನು ತಾನು ಪೂರ್ತಿ ಮಾಡಿಸುತ್ತಿತ್ತು. ಅಪ್ಪಣೆಯೇ ಬಾರದ ಕಡೆ ಇನ್ನೊಂದು ಉಪಾಯ: ಆರೋಗ್ಯವಂತರು ಕೆಲವರು ತಮ್ಮ ಚಲನೆಯನ್ನು ಮೊದಲೇ ದಾಖಲಿಸಿ ಕೊಟ್ಟಿದ್ದರು, ಅದನ್ನು ರೋಗಿಯ ಸ್ನಾಯುವಿಗೆ ಹಾಕುತ್ತಿದ್ದರು. ಅದಕ್ಕೆ ಅವರು ‘ಪಾಠ’ ಅನ್ನುತ್ತಿದ್ದರು.

ಇಷ್ಟೆಲ್ಲ ವಿವರದಲ್ಲಿ ಫಕ್ಕೀರವ್ವನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತೊಂದೇ. ಬೇರೆಯವರ ಕೈಯನ್ನು ಇವಳ ಕೈಯೊಳಗೆ ಹಾಕುತ್ತೀರೇನು ಎಂದು ಕೇಳಿದ್ದಳು. ಕೈಯಲ್ಲ ಅಮ್ಮಾರ, ಕೈ ಆಡೂ ರೀತಿ ಅಷ್ಟ, ಎಂದು ನಫೀಸಾ ನಕ್ಕಿದ್ದಳು. ಆ ನಗು ಫಕ್ಕೀರವ್ವನಿಗೆ ಆಗಲೇ ಹಿಡಿಸಿರಲಿಲ್ಲ.

ಆಮೇಲೆ ಒಂದು ದಿನ ಗಾಜಿನ ಆಚೆಯಿಂದ ಅವಳು ಕಂಡ ನೋಟ ಇನ್ನೂ ಹಿಡಿಸಲಿಲ್ಲ. ಸೊಸೆಯ ಕಣ್ಣು ಮುಚ್ಚಿತ್ತು, ಮುಖ ಬಿಳುಚಿತ್ತು, ಎದೆಯನ್ನು ಯಂತ್ರ ಏರಿಸಿ ಇಳಿಸುತ್ತಿತ್ತು. ಕೈಗಳು ಮಾತ್ರ ಹಾಸಿಗೆಯ ಮೇಲೆ ಏನನ್ನೋ ಹುಡುಕುತ್ತಿದ್ದವು. ತಟ್ಟುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಓಡುತ್ತಿದ್ದವು. ಮೈಮೇಲೆ ಗಾಳಿ ಬಂದವರನ್ನು ಚಿಕ್ಕಂದಿನಲ್ಲಿ ಕಂಡಿದ್ದ ಮುದುಕಿಗೆ ಅವರೇ ನೆನಪಾದರು. ಒಳ್ಳೆಯ ಲಕ್ಷಣ ಎಂದು ನರ್ಸು ಹೇಳಿದ್ದಕ್ಕೆ ತಲೆಯಾಡಿಸಿದಳು.

ಲಕ್ಷಣ ಒಳ್ಳೆಯದೇ ಆಯಿತು. ಮಹಾನಂದಾ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ನಿಂಗಪ್ಪ ದಾಟಲಾಗದ ಬಾಗಿಲನ್ನು ಅವಳು ಗೋಡೆ ಹಿಡಿಯದೆ ದಾಟಿದಾಗ ಫಕ್ಕೀರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಓಣಿಯವರಿಗೆಲ್ಲ ಸಕ್ಕರೆ ಹಂಚಿದಳು. ರೊಟ್ಟಿಯ ಕಲ್ಲಿನ ಮುಂದೆ ಸೊಸೆ ಮತ್ತೆ ಕೂರುವವರೆಗೂ ಅವಳ ಸಂತೋಷಕ್ಕೆ ಕಲೆ ಬಿದ್ದಿರಲಿಲ್ಲ.

*

ಗುಮಾನಿ ಎಂಬುದು ಸಾಸಿವೆಯಷ್ಟಿದ್ದರೂ ಸಾಕು, ಮನೆ ತುಂಬಿಕೊಳ್ಳುತ್ತದೆ. ಫಕ್ಕೀರವ್ವ ಸೊಸೆಯನ್ನು ಪರೀಕ್ಷೆಗೆ ಹಚ್ಚಿದಳು. ಜೋಳ ಹಸನು ಮಾಡಲು ಕೊಟ್ಟಳು; ಮೊರ ಹಿಡಿದ ಕೈ ಕೇರುವಾಗ ಮೇಲೆ ಹೋಗುವ ಬದಲು ಪಕ್ಕಕ್ಕೆ ವಾಲಿತು. ಅಂಗಳ ಗುಡಿಸಲು ಹೇಳಿದಳು. ಕಸಬರಿಗೆ ಎಡಗೈಗೆ ಹೋಯಿತು, ಆಮೇಲೆ ತಪ್ಪಿತಸ್ಥೆಯ ಹಾಗೆ ಬಲಗೈಗೆ ಬಂತು. ತನ್ನ ತಲೆ ಬಾಚಲು ಕರೆದಳು. ಸೊಸೆಯ ಬೆರಳು ಎಣ್ಣೆಯನ್ನು ನೆತ್ತಿಗೆ ಬಡಿಯದೆ ಕಿವಿಯ ಹಿಂದಿನಿಂದ ಮೇಲಕ್ಕೆ ತಿಕ್ಕಿಕೊಂಡು ಬಂತು. ಸುಖವಾಗಿತ್ತು. ಆ ಸುಖಕ್ಕೇ ಫಕ್ಕೀರವ್ವ ಹೆದರಿದಳು.

ಮಾತಿನಲ್ಲಿ ಸಿಕ್ಕಿಸಿ ನೋಡಿದಳು. ನಿಂಗಪ್ಪ ಸತ್ತ ದಿನ ಬಾಗಿಲಲ್ಲಿ ಯಾರು ನಿಂತಿದ್ದರು, ಶಿವಪುತ್ರನ ಮದುವೆಯಲ್ಲಿ ಯಾವ ಅತ್ತಿಗೆ ಮುನಿಸಿಕೊಂಡು ಉಣ್ಣದೆ ಹೋದಳು, ಉಪ್ಪಿನಕಾಯಿಯ ಭರಣಿ ಒಡೆದದ್ದು ಯಾರ ಕೈಯಿಂದ. ಮಹಾನಂದಾ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದಳು. ಭರಣಿ ಒಡೆದದ್ದು ಅತ್ತೆಯ ಕೈಯಿಂದಲೇ, ಬೈಸಿಕೊಂಡದ್ದು ಮಾತ್ರ ತಾನು ಎಂಬುದನ್ನೂ ನಗುತ್ತ ಸೇರಿಸಿದಳು. ಹಾಗಾದರೆ ತಲೆ ಸೊಸೆಯದೇ. ಕೈಗಷ್ಟೇ ಯಾರೋ ಬಂದು ಸೇರಿದ್ದಾರೆ. ಇದು ಇನ್ನೂ ಕೆಟ್ಟದ್ದೆನಿಸಿತು ಫಕ್ಕೀರವ್ವನಿಗೆ. ಪೂರ್ತಿ ಬೇರೆಯವಳೇ ಬಂದಿದ್ದರೆ ಬಾಗಿಲು ತೋರಿಸಬಹುದಿತ್ತು.

ಯಾರ ಪಾಠವೋ, ಯಾವ ಊರಿನವಳೋ, ಎಂಥ ಮನೆಯವಳೋ. ತನ್ನ ಮನೆಯ ಹಿಟ್ಟನ್ನು ನಾದುತ್ತಿದ್ದಾಳೆ, ತನ್ನ ಮಗನಿಗೆ ಬಡಿಸುತ್ತಿದ್ದಾಳೆ. ಯೋಚಿಸಿದಷ್ಟೂ ಫಕ್ಕೀರವ್ವನ ಗಂಟಲಿಗೆ ರೊಟ್ಟಿ ಇಳಿಯದಾಯಿತು. ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ ಅನ್ನ ಮಜ್ಜಿಗೆಗೆ ತಿರುಗಿದಳು. ಹುಟ್ಟಿದಾಗಿನಿಂದ ಜೋಳ ತಿಂದ ಹೊಟ್ಟೆ ಅನ್ನಕ್ಕೆ ಎಷ್ಟು ದಿನ ಒಪ್ಪೀತು? ಆಮೇಲೆ ಅದನ್ನೂ ಅರ್ಧಕ್ಕೆ ಬಿಟ್ಟು ಏಳತೊಡಗಿದಳು. ಶಿವಪುತ್ರನಿಗೆ ರೇಗಿತು. ಹೆಂಡತಿ ಸತ್ತು ಬದುಕಿ ಬಂದಿದ್ದಾಳೆ, ರೊಟ್ಟಿ ಎಡಕ್ಕೆ ತಿರುಗಿದರೇನು ಬಲಕ್ಕೆ ತಿರುಗಿದರೇನು ಎಂದು ತಾಯಿಯ ಮೇಲೆ ಹರಿಹಾಯ್ದ. ಗಂಡಸಿಗೆ ಏನು ತಿಳಿದೀತು ಎಂದು ಫಕ್ಕೀರವ್ವ ಗೋಡೆಯ ಕಡೆ ಮುಖ ಮಾಡಿದಳು.

ಮಹಾನಂದಾ ಜಗಳಕ್ಕೆ ಬರಲಿಲ್ಲ. ಒಂದು ಮಧ್ಯಾಹ್ನ ಮುಟ್ಟದೆ ಬಿಟ್ಟ ತಟ್ಟೆಯನ್ನು ಎತ್ತಲು ಬಂದವಳು ಅಲ್ಲೇ ಅತ್ತೆಯ ಎದುರು ಕೂತಳು.

“ಅತ್ತಿ, ನಾನು ಬೇಕಂತ ಮಾಡಾಕತ್ತಿಲ್ರಿ. ನಿಮ್ಮ ಬಡಿತನ ಬಡೀಬೇಕು ಅಂತ ಕುಂದರತೇನಿ. ಕೈ ಹಿಟ್ಟಿಗೆ ಹತ್ತಿದ ಕೂಡಲೇ ತಾನ ಎಡಕ್ಕ ಹೊಕ್ಕೈತಿ.”

“ಹೊಕ್ಕೈತಿ ಅಂದ್ರ? ಯಾರು ಒಯ್ತಾರ ಅದನ್ನ?”

ಮಹಾನಂದಾ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. “ಗೊತ್ತಿಲ್ರಿ. ಬೆನ್ನ ಹಿಂದ ಯಾರೋ ಕುಂತಂಗ ಅನಸತೈತಿ. ಅಂಜಿಕಿ ಆಗೂದಿಲ್ರಿ ಅದರದು.”

ಅವಳಿಗೆ ಅಂಜಿಕೆ ಆಗದಿದ್ದರೇನು, ಫಕ್ಕೀರವ್ವನಿಗೆ ಆದ ಅಂಜಿಕೆ ಇಬ್ಬರಿಗೂ ಸಾಕಾಗುವಷ್ಟಿತ್ತು. ಆ ವಾರವೇ ಸೊಸೆಯ ಮರುತಪಾಸಣೆ ಇತ್ತು. ತಾನೂ ಬರುತ್ತೇನೆಂದು ಹಟ ಹಿಡಿದು ಹುಬ್ಬಳ್ಳಿಯ ಬಸ್ಸು ಹತ್ತಿದಳು.

*

ಐಸಿಯುವಿನ ಪಕ್ಕದ ಗಾಜಿನ ಕೋಣೆಯಲ್ಲಿ ನಫೀಸಾ ಪರದೆಗಳ ಮುಂದೆ ಕೂತಿದ್ದಳು. ಮಂಚಕ್ಕೊಂದು ಪರದೆ; ಒಂದೊಂದರಲ್ಲೂ ಒಬ್ಬೊಬ್ಬರ ಕೈಕಾಲಿನ ಗೆರೆಗಳು ಏಳುತ್ತ ಬೀಳುತ್ತ ಹೋಗುತ್ತಿದ್ದವು. ಗಾಜಿನ ಆಚೆ ಎಚ್ಚರವಿಲ್ಲದ ಕಾಲುಗಳು ಕಾಣದ ಸೈಕಲ್ಲನ್ನು ತುಳಿಯುತ್ತಿದ್ದವು. ಫಕ್ಕೀರವ್ವ ಅತ್ತ ನೋಡದೆ ನೇರ ವಿಷಯಕ್ಕೆ ಬಂದಳು. ನಮ್ಮ ಸೊಸೆಯನ್ನು ಬದುಕಿಸಿದಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಆದರೆ ಅವಳ ಕೈಯಲ್ಲಿ ಯಾರನ್ನೋ ಬಿಟ್ಟು ಕಳಿಸಿದ್ದೀರಿ, ಅವಳನ್ನು ಹೊರಗೆ ತೆಗೆಯಿರಿ ಎಂದಳು.

ಈ ಸಲ ನಫೀಸಾ ನಗಲಿಲ್ಲ. ಅದು ಫಕ್ಕೀರವ್ವನಿಗೆ ಇನ್ನಷ್ಟು ಅನುಮಾನ ತಂದಿತು. ಮಾರ್ದನಿ ಹಚ್ಚಿಸಿಕೊಂಡು ಹೋದವರಲ್ಲಿ ಕೈಯ ರೂಢಿ ಬದಲಾಯಿತೆಂದು ಹೇಳಿಕೊಂಡು ಬಂದವರು ಬೇರೆ ಕೆಲವರೂ ಇದ್ದಾರೆ, ಕಾರಣ ತನಗೂ ಪೂರ್ತಿ ಗೊತ್ತಾಗಿಲ್ಲ ಎಂದು ಅವಳು ಒಪ್ಪಿಕೊಂಡಳು. ಸ್ವಯಂಸೇವಕರ ಪಾಠದಿಂದ ಯಾರದಾದರೂ ರೂಢಿ ಅಂಟಿಕೊಂಡಿರಬಹುದೇ ಎಂಬ ಶಂಕೆ ಅವಳಿಗೂ ಇತ್ತು. ಸರಿಪಡಿಸಲು ದಾರಿಯೊಂದಿದೆ, ಮನೆಯ ಬಡಿತ ಬಲ್ಲವರೊಬ್ಬರು ಅದನ್ನು ದಾಖಲಿಸಿ ಕೊಟ್ಟರೆ ಅದನ್ನೇ ಪಾಠವಾಗಿ ಮಹಾನಂದಾಳ ಕೈಗೆ ಹಾಕಬಹುದು ಎಂದಳು.

“ನಂದನ್ನ ಹಾಕ್ರಿ,” ಎಂದಳು ಫಕ್ಕೀರವ್ವ, ಕಾಯುತ್ತಿದ್ದವಳ ಹಾಗೆ.

ನಫೀಸಾ ಮಹಾನಂದಾಳ ಕಡೆ ತಿರುಗಿದಳು. “ಒಂದು ಮಾತು ತಿಳಕೋರಿ. ಹೊಸಾದು ಕುಂದರಬೇಕಂದ್ರ ಈಗಿರೂದನ್ನ ಪೂರಾ ದಣಿಸಿ ಅಳಿಸಬೇಕು. ಅಳಿಸಿದ ಮ್ಯಾಲ ಅದನ್ನ ತಿರುಗಿ ತರಾಕ ನನ್ನ ಕಡಿಂದ ಆಗಂಗಿಲ್ಲ. ಕೈ ನಿಮ್ಮದು, ನೀವು ಹೇಳಬೇಕು.”

ಮಹಾನಂದಾ ಅತ್ತೆಯನ್ನು ನೋಡಿದಳು. ಕುಪ್ಪಸದ ತೋಳು ಸಡಿಲವಾಗಿ ಜೋತಿದ್ದ ಮುದುಕಿಯ ತೋಳುಗಳನ್ನು ನೋಡಿದಳು. ಆಗಲಿ, ಅತ್ತೆಯವರು ಹೇಳಿದ ಹಾಗೆ ಮಾಡಿ ಎಂದಳು. ಅವಳ ದನಿಯಲ್ಲಿ ಏನೋ ಕಡಿಮೆಯಾಗಿತ್ತು. ಹಾಲಿನ ಉಕ್ಕನ್ನು ದೂರದಿಂದ ಹಿಡಿಯುವ ಫಕ್ಕೀರವ್ವನ ಕಿವಿ ಅದನ್ನು ಹಿಡಿಯದೆ ಬಿಟ್ಟಿತು.

ಮನೆಯಿಂದ ಕಟ್ಟಿಕೊಂಡು ಬಂದಿದ್ದ ಜೋಳದ ಹಿಟ್ಟನ್ನು ಫಕ್ಕೀರವ್ವ ಹೆಮ್ಮೆಯಿಂದ ಬಿಚ್ಚಿದಳು. ಯಾತಕ್ಕಾದರೂ ಇರಲಿ ಎಂದು ಹೊತ್ತು ತಂದಿದ್ದಳು. ನೀರು ಕಾಯಿಸಿ ತರಿಸಿ, ವ್ಯಾಯಾಮದ ಕೋಣೆಯ ಮೇಜಿನ ಮೇಲೆಯೇ ಹಿಟ್ಟು ನಾದಿದಳು. ಹೆಗಲಿನಿಂದ ಬೆರಳಿನವರೆಗೆ ಪಟ್ಟಿಗಳನ್ನು ಅಂಟಿಸಿಕೊಂಡು ಬಡಿಯಲು ನಿಂತಳು. ಮೂರು ಸಣ್ಣವು, ಒಂದು ದೊಡ್ಡದು, ಬಲಕ್ಕೊಂದು ತಿರುವು. ವಯಸ್ಸು ಎಲ್ಲಿ ಹೋಯಿತೋ, ಕೋಣೆ ತುಂಬ ಅದೇ ಸಪ್ಪಳ. ವ್ಯಾಯಾಮಕ್ಕೆ ಬಂದಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಪರದೆಯ ಮೇಲೆ ಗೆರೆಗಳು ಅಚ್ಚು ಹಾಕಿದಂತೆ ಒಂದೇ ಥರ ಎದ್ದು ಬಿದ್ದವು. ಇಷ್ಟು ಖಚಿತವಾದ ಪಾಠ ತಾನು ಕಂಡೇ ಇಲ್ಲವೆಂದು ನಫೀಸಾ ಹೇಳಿದಾಗ ಫಕ್ಕೀರವ್ವ ಸೆರಗು ಸರಿಪಡಿಸಿಕೊಂಡಳು.

ಪಕ್ಕದ ಕುರ್ಚಿಯಲ್ಲಿ ಮಹಾನಂದಾಳ ತೋಳುಗಳಿಗೂ ಪಟ್ಟಿಗಳು ಏರಿದವು. ಅಳಿಸುವ ಮೊದಲು ಏನನ್ನು ಅಳಿಸುತ್ತಿದ್ದೇವೆ ಎಂಬುದನ್ನು ನೋಡಿಬಿಡುತ್ತೇನೆ ಎಂದು ನಫೀಸಾ ಐಸಿಯುವಿನ ದಿನಗಳ ಹಳೆಯ ದಾಖಲೆ ತೆರೆದಳು. ಯಂತ್ರದ ಮೇಲೆ ಅವಳಿಗೂ ಗುಮಾನಿಯಿತ್ತಲ್ಲ. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಿಕ್ಕಿತು. ಮತ್ತೆ ಹಿಂದಕ್ಕೆ ಹೋದಳು, ಇನ್ನೂ ಹಿಂದಕ್ಕೆ.

“ಇವರ ಕಾಲಿಗಷ್ಟ ಪಾಠ ಹಾಕೇವ್ರಿ. ಕೈಗೆ ಯಾರದೂ ಹಾಕಿಲ್ಲ,” ಎಂದಳು.

ಫಕ್ಕೀರವ್ವ ಬಿಡಲಿಲ್ಲ.

“ಬಾಯಾರ, ಈಗ ಮಾತು ಮರಸಬ್ಯಾಡ್ರಿ. ಹಾಕಿಲ್ಲ ಅಂದ್ರ ಅದು ಎಲ್ಲಿಂದ ಬಂತು?”

ಅದನ್ನೇ ನಾನೂ ಕೇಳುತ್ತಿದ್ದೇನೆ ಎನ್ನುವಂತೆ ನಫೀಸಾ ಒಂದು ಗುಂಡಿ ಒತ್ತಿದಳು. ಗೆರೆಗಳನ್ನು ಸಪ್ಪಳವಾಗಿ ಕೇಳಿಸುವ ಏರ್ಪಾಟು ಯಂತ್ರದಲ್ಲಿತ್ತು. ಕೈಗೆ ಮಾರ್ದನಿ ಹಚ್ಚಿದ ಮೊದಲ ದಿನದ ದಾಖಲೆ, ಇನ್ನೂ ಕರೆಂಟು ಹಾಯಿಸಿರಲಿಲ್ಲ, ಯಂತ್ರ ಬರೀ ಆಲಿಸುತ್ತಿತ್ತು ಎಂದು ಅವಳು ಹೇಳುತ್ತಿರುವಾಗಲೇ ಕೋಣೆಯಲ್ಲಿ ಒಂದು ಸಣ್ಣ ಕರಕರ ಕೇಳಿಸಿತು. ಬಹಳ ಹೊತ್ತು ಅಷ್ಟೇ. ಆಮೇಲೆ, ಬಾವಿಯ ತಳದಿಂದ ಬಂದ ಹಾಗೆ, ಎರಡು ಬಡಿತ. ಒಂದು ತಡೆ. ಸರಸರ ಓಡಿದ ಬೆರಳು.

ಸಾವಿನ ಬಾಗಿಲಲ್ಲಿ ಮಲಗಿದ್ದವಳ ಮೈ ಯಾರೂ ಹೇಳಿಕೊಡದೆ ತಾನೇ ಬಡಿಯುತ್ತಿತ್ತು.

ಫಕ್ಕೀರವ್ವನ ಕಿವಿಗೆ ಆಗ ಒಂದು ಬೆಳಗು ನೆನಪಾಯಿತು. ಮದುವೆಯ ಹಂದರ ಇನ್ನೂ ಬಿಚ್ಚಿರಲಿಲ್ಲ. ಹೊಸ ಸೊಸೆ ಮೊದಲ ಸಲ ಕಲ್ಲಿನ ಮುಂದೆ ಕೂತು ಹಿಟ್ಟಿಗೆ ಕೈ ಹಚ್ಚಿದ್ದಳು. ಎರಡು ಬಡಿತ, ಒಂದು ತಡೆ. ಒಂದು ರೊಟ್ಟಿಯೂ ಪೂರ್ತಿ ಆಗಿರಲಿಲ್ಲ. ಫಕ್ಕೀರವ್ವ ಹಿಂದಿನಿಂದ ಹೋಗಿ ಆ ಹುಡುಗಿಯ ಮಣಿಕಟ್ಟು ಹಿಡಿದು ನಿಲ್ಲಿಸಿದ್ದಳು. ಈ ಮನೆಯಲ್ಲಿ ಹಾಗೆ ಬಡಿಯುವುದಿಲ್ಲ ಎಂದಿದ್ದಳು. ಆ ಬಡಿತ ಈ ಮನೆಯಲ್ಲಿ ಅದೇ ಮೊದಲು, ಸೊಸೆ ಆಸ್ಪತ್ರೆಗೆ ಹೋಗುವವರೆಗೂ ಅದೇ ಕೊನೆ. ಅರ್ಧ ರೊಟ್ಟಿಯಷ್ಟು ಹೊತ್ತು ಕೇಳಿದ ಸಪ್ಪಳವನ್ನು ಯಾರ ಕಿವಿ ನೆನಪಿಟ್ಟುಕೊಂಡೀತು? ತಾನು ಮನೆಯೊಳಗೆ ಹುಡುಕುತ್ತಿದ್ದ ಹೊರಗಿನವಳು ಇವಳೇ. ಹಂದರದ ಕೆಳಗೆ ಬಂದಿದ್ದ ಆ ಹುಡುಗಿ.

ನಫೀಸಾ ತನಗೆ ತೋಚಿದ್ದನ್ನು ಹೇಳುತ್ತಿದ್ದಳು. ಔಷಧದ ನಿದ್ದೆಯಲ್ಲಿ ಆಮೇಲೆ ಕಲಿತದ್ದೆಲ್ಲ ಮೊದಲು ಮಲಗುತ್ತದೇನೋ, ಎಲ್ಲಕ್ಕಿಂತ ಕೆಳಗೆ ಇದ್ದದ್ದು ಮೇಲೆ ಬಂತೇನೋ, ಮಾರ್ದನಿ ಅದಕ್ಕೆ ಬಲ ಕೊಟ್ಟಿತೇನೋ. ಖಾತ್ರಿ ಹೇಳಲಾರೆ ಎಂದಳು. ಫಕ್ಕೀರವ್ವ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಸೊಸೆಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ತೋಳುಗಳಿಗೆ ಪಟ್ಟಿ ಅಂಟಿಸಿದ್ದರಿಂದ ಅವಳು ಒರೆಸಿಕೊಳ್ಳದೆ ಹಾಗೇ ಕೂತಿದ್ದಳು.

“ನಮ್ಮವ್ವಂದ್ರಿ ಅದು,” ಎಂದಳು ಮಹಾನಂದಾ. “ಬೆನ್ನ ಹಿಂದ ಕುಂತು, ನನ್ನ ಕೈ ಮ್ಯಾಲ ಕೈ ಇಟ್ಟು ಕಲಿಸಿದ್ಲು. ಆಕಿ ಸತ್ತಾಗ ಒಮ್ಮಿ ನೆನಸಾಕ ನೋಡಿದ್ನಿ. ಬರಲಿಲ್ರಿ. ಹೋಗೇಬಿಡ್ತು ಅಂದಕೊಂಡಿದ್ನಿ.”

“ನಿನಗ ಇದು ಗೊತ್ತಿತ್ತೇನು, ಮಹಾನಂದಾ?”

“ಅನುಮಾನಿತ್ರಿ. ಮನ್ಯಾಗ ಬಡಿಯುವಾಗ ಅನಸ್ತಿತ್ತು.”

“ಹಂಗಿದ್ದೂ ಅಳಸಾಕ ಹೂಂ ಅಂದ್ಯಾ?”

ಮಹಾನಂದಾ ತಲೆ ಎತ್ತಲಿಲ್ಲ. “ನೀವು ಉಣ್ಣೂದ ಬಿಟ್ಟಿದ್ರೆಲ್ರಿ ಅತ್ತಿ.”

ಫಕ್ಕೀರವ್ವ ಮೇಜಿನ ಕಡೆ ತಿರುಗಿದಳು. ಅದರ ಮೇಲೆ ತಾನು ಬಡಿದ ರೊಟ್ಟಿ ಹಸಿಯಾಗಿಯೇ ಒಣಗುತ್ತಿತ್ತು. ಅಚ್ಚುಕಟ್ಟಾದ ರೊಟ್ಟಿ, ಓಣಿಯ ಯಂತ್ರದಿಂದ ಬಿದ್ದ ಹಾಗೆ. ಪಾಠ ಸಿದ್ಧವಿದೆ, ಏನು ಮಾಡಲಿ ಎಂದು ನಫೀಸಾ ಮೆಲ್ಲಗೆ ಕೇಳಿದಳು.

“ಅಳಿಸಿಬಿಡ್ರಿ,” ಎಂದಳು ಫಕ್ಕೀರವ್ವ. “ಆಕಿದಲ್ಲ. ಈಗ ಬರಕೊಂಡ್ರೆಲ್ಲ, ನಂದು.”

ಅದು ಅಳಿಸಿದ್ದಾಯಿತು. ಮಹಾನಂದಾಳ ಪಟ್ಟಿಗಳನ್ನು ನಫೀಸಾ ಒಂದೊಂದಾಗಿ ಬಿಚ್ಚಿದಳು. ಆದರೆ ತನ್ನ ಪಟ್ಟಿಗಳಿಗೆ ಕೈ ಹಾಕಿದಾಗ ಫಕ್ಕೀರವ್ವ ತೋಳು ಹಿಂದಕ್ಕೆ ಎಳೆದುಕೊಂಡಳು. ಅವಳೂ ಎಲ್ಲಿಂದಲೋ ಬಂದವಳೇ. ರೋಣದ ಕಡೆಯ ಹಳ್ಳಿ, ಮಣ್ಣಿನ ಒಲೆ, ಹೊಗೆಯೊಳಗೆ ಕೆಮ್ಮುತ್ತ ನಗುವ ಅವ್ವ. ಅವ್ವನ ಕೆಮ್ಮು ನೆನಪಿತ್ತು, ನಗು ನೆನಪಿತ್ತು. ಬಡಿತ ಹೇಗಿತ್ತು ಎಂದು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಗಂಡನ ಮನೆಗೆ ಬಂದ ಮರುದಿನ ಅತ್ತೆಯ ಸೌಟು ಬೆರಳ ಗೆಣ್ಣಿನ ಮೇಲೆ ಕೂತದ್ದು ಮಾತ್ರ ಈಗ ಬಿದ್ದಷ್ಟು ಬಿಸಿಯಾಗಿ ನೆನಪಾಯಿತು.

“ಬಾಯಾರ, ನಿಮ್ಮ ಯಂತ್ರ ರೋಗಿಲ್ಲದವರ ಕೈನೂ ಕೇಳತೈತೇನ್ರಿ?”

ನಫೀಸಾ ಸುಳ್ಳು ಭರವಸೆ ಕೊಡಲಿಲ್ಲ. ಎಚ್ಚರವಿದ್ದವರಲ್ಲಿ ರೂಢಿಯೇ ಮುಂದೆ ನುಗ್ಗುತ್ತದೆ, ಬಹಳ ಹೊತ್ತು ಸುಮ್ಮನೆ ಮಲಗಬೇಕು, ಅಷ್ಟಾದರೂ ಬಾರದಿರಬಹುದು ಎಂದಳು. ಬಾರದಿದ್ದರೆ ಬೇಡ ಎಂದು ಫಕ್ಕೀರವ್ವ ಹೋಗಿ ಆ ಕೋಣೆಯ ವ್ಯಾಯಾಮದ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಮಹಾನಂದಾ ಸ್ಟೂಲು ಎಳೆದುಕೊಂಡು ತಲೆಯ ಹತ್ತಿರ ಕೂತಳು.

ಯಂತ್ರದಿಂದ ಮೊದಲು ಬಂದದ್ದು ಮೂರು ಸಣ್ಣವು, ಒಂದು ದೊಡ್ಡದು. ಮತ್ತೆ ಅದೇ. ಮತ್ತೆ ಮತ್ತೆ ಅದೇ. ಅತ್ತೆಯರ ಸಾಲು ಬಾಗಿಲು ಬಿಟ್ಟು ಸರಿಯಲಿಲ್ಲ. ಬಸ್ಸಿನ ಹೊತ್ತು ಮೀರುತ್ತ ಬಂತು. ಸಾಕು ಮಾಡೋಣವೇ ಎಂದು ನಫೀಸಾ ಕೇಳಿದ್ದಕ್ಕೆ ಮುದುಕಿ, ಇನ್ನೊಂದಿಷ್ಟು ಕೇಳಿ, ಎಂದು ಕಣ್ಣು ತೆರೆಯದೆಯೇ ಹೇಳಿದಳು. ಆಮೇಲೆ ಮೂರು ಸಣ್ಣವು ಎರಡಾದವು. ದೊಡ್ಡದು ಬರಲೇ ಇಲ್ಲ. ಬೆರಳುಗಳು ಸುಮ್ಮನೆ ಬಿದ್ದುಕೊಂಡವು, ಉಸಿರು ನಿಧಾನವಾಯಿತು. ನಿದ್ದೆ ಹತ್ತಿತೇನೋ ಎಂದು ಮಹಾನಂದಾ ಬಾಗಿ ನೋಡುವಷ್ಟರಲ್ಲಿ ಬಲಗೈಯ ಕಿರುಬೆರಳು ಅಲ್ಲಾಡಿತು. ಹಾಸಿಗೆಯ ಮೇಲೆ ಒಂದು ಮೆಲುವಾದ ತಟ್ಟು, ಅದರ ಹಿಂದೆಯೇ ಅಂಗೈ ಮಗುಚಿ ಇನ್ನೊಂದು.

“ಯಾರದಾರವಾ?” ಎಂದಳು ಫಕ್ಕೀರವ್ವ, ಕಣ್ಣು ಮುಚ್ಚಿಕೊಂಡೇ.

“ಗೊತ್ತಿಲ್ರಿ ಅತ್ತಿ. ನಮ್ಮ ಮನೀದಲ್ರಿ ಇದು. ನಾನು ಎಂದೂ ಕೇಳಿಲ್ಲ.”

“ಹಂಗಾರ ಸುಮ್ನ ಕುಂದರು. ಮಾತಾಡಿದ್ರ ಹೋಗಿಬಿಟ್ಟಾಳು.”